ಹಿಂದುಮುಂದು ನೋಡದ ಮೋಟಾರು

"ನಾಳೆ ಸಂಜೆ ಕಾಫಿ ಹೊತ್ತಿಗೆ ನಿನ್ನ ಸೈಕಲ್ಲಿಗೆ ಮೋಟಾರು ಕೂತಿರುತ್ತೆ. ಸೋಮವಾರದಿಂದ ನೀನು ದಿಬ್ಬ ಹತ್ತೋದಿಲ್ಲ ಕಣೇ, ದಿಬ್ಬವೇ ತಲೆ ತಗ್ಗಿಸಿ ನಿನಗೆ ದಾರಿ ಬಿಡುತ್ತೆ!"

ಶನಿವಾರ ಮಧ್ಯಾಹ್ನ ಭೂಗೋಳದ ಮೇಷ್ಟ್ರು ಹೀಗೆ ಘೋಷಿಸಿದಾಗ ಅವರ ಮನೆಯಾಕೆ ಒಗೆದ ಬಟ್ಟೆ ಮಡಚುತ್ತಿದ್ದರು. ತಲೆ ಎತ್ತದೆ ಕೇಳಿದರು.

"ಯಾರು ಕೂರಿಸೋದು?"

"ಯಾರು ಅಂದರೆ? ನಾನೇ!"

"ಅದಕ್ಕೇ ಕೇಳಿದೆ."

ಮೇಷ್ಟ್ರು ಮುನಿಸಿಕೊಳ್ಳಲಿಲ್ಲ. ದೊಡ್ಡ ಕೆಲಸಕ್ಕೆ ಕೈಹಾಕುವವರು ಸಣ್ಣ ಮಾತಿಗೆ ಮುನಿಸಿಕೊಳ್ಳಬಾರದು. ಅದೂ ಅಲ್ಲದೆ ಈ ಕೆಲಸದ ಹಿಂದೆ ಒಂದು ಸಂಕಟವಿತ್ತು. ಮನೆಯಾಕೆ ದಿಬ್ಬದ ಮೇಲಿನ ಕಣ್ಣಾಸ್ಪತ್ರೆಯಲ್ಲಿ ಕಣ್ಣು ಪರೀಕ್ಷೆ ಮಾಡಿ ಕನ್ನಡಕದ ನಂಬರು ಗೊತ್ತುಮಾಡುವವರು. ದಿನಾ ಸೈಕಲ್ಲಿನಲ್ಲೇ ಹೋಗಬೇಕು. ಅರ್ಧ ದಿಬ್ಬದವರೆಗೆ ತುಳಿಯುತ್ತಿದ್ದರು. ಅಲ್ಲಿಂದಾಚೆ ಸೈಕಲ್ಲೂ ಅವರೂ ಒಬ್ಬರನ್ನೊಬ್ಬರು ತಳ್ಳಿಕೊಂಡು ಹೋಗುತ್ತಿದ್ದರು. ಸಂಜೆ ಮನೆಗೆ ಬಂದು ಮೆಟ್ಟಿಲ ಮೇಲೆ ಕೂತು ಮಂಡಿ ನೀವಿಕೊಳ್ಳುವುದನ್ನು ಮೇಷ್ಟ್ರು ಕಿಟಕಿಯಿಂದ ನೋಡಿದ್ದರು. ಸೋಮವಾರದಿಂದ ಶಾಲೆ ಮಕ್ಕಳ ಕಣ್ಣಿನ ಶಿಬಿರ ಬೇರೆ ಶುರು. ಅದರ ಜವಾಬ್ದಾರಿ ಇವರದೇ. ಎಲ್ಲರಿಗಿಂತ ಮೊದಲೇ ಹೋಗಿ ದಿನವಿಡೀ ನಿಂತಿರಬೇಕು.

"ನೋಡಿ, ನನಗೆ ಆ ಸೈಕಲ್ಲು ಸೋಮವಾರ ಬೆಳಿಗ್ಗೆ ಬೇಕೇ ಬೇಕು," ಅಂದರು ಮನೆಯಾಕೆ. "ಮೋಟಾರು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಆದರೆ ಸೈಕಲ್ಲು ಇರಬೇಕು."

"ಅದೇನು ಮಾತು! ಸೈಕಲ್ಲು ಎಲ್ಲಿಗೆ ಹೋಗುತ್ತೆ?"

ಎಲ್ಲಿಗೆ ಹೋಗುತ್ತೆ ಅನ್ನುವುದು ಆಗ ಯಾರಿಗೂ ಗೊತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಮೇಷ್ಟ್ರು ಪೆಟ್ಟಿಗೆ ಬಿಚ್ಚಿದರು. ಒಳಗಿದ್ದದ್ದು ಒಂದು ಹಿಂದಿನ ಚಕ್ರ. ಮಾಮೂಲು ಚಕ್ರದ ನಡುವೆ ಬೆರಳು ಗಾತ್ರದ ಅಚ್ಚು ಇದ್ದರೆ ಇದರ ನಡುವೆ ಸಾರಿನ ಪಾತ್ರೆಯಷ್ಟು ದಪ್ಪದ ಮೋಟಾರು. ಚಕ್ರಕ್ಕೂ ವಯಸ್ಸಾಗಿ ಹೊಟ್ಟೆ ಬಂದ ಹಾಗೆ! ಅದರ ಜೊತೆ ಬ್ಯಾಟರಿ, ಹೊಸ ಬ್ರೇಕ್ ಹಿಡಿಗಳು, ಹ್ಯಾಂಡಲ್ಲಿಗೆ ಕೂರಿಸುವ ಸಣ್ಣ ಪರದೆ, ಮೋಟಾರನ್ನು ಆಳುವ ಕಂಟ್ರೋಲರ್ ಅನ್ನುವ ಡಬ್ಬಿ, ಆ ಡಬ್ಬಿಯಿಂದ ಕೆದರಿದ ಕೂದಲಿನಂತೆ ಹೊರಬಂದ ಬಣ್ಣಬಣ್ಣದ ತಂತಿಗಳು. ಕೊನೆಗೆ ಒಂದು ಹಾಳೆ. ಹಾಳೆಯ ತುಂಬ ಬರೀ ಬಾಣದ ಗುರುತುಗಳು.

"ದಿನಾ ನಕ್ಷೆ ಬರೆಸೋನಿಗೆ ಬಾಣ ತೋರಿಸ್ತಾರಲ್ಲ!" ಎಂದು ಮೇಷ್ಟ್ರು ನಕ್ಕರು. ಹಾಳೆಯನ್ನು ಮಡಚಿ ಕುಂಟುತ್ತಿದ್ದ ಸ್ಟೂಲಿನ ಕಾಲಡಿಗೆ ಇಟ್ಟರು. ಸ್ಟೂಲು ನೆಟ್ಟಗಾಯಿತು. ಆ ಹಾಳೆಯಿಂದ ಆ ದಿನ ಆದ ಉಪಕಾರ ಅಷ್ಟೇ.

ಸಹಾಯಕ್ಕೆ ಮಾವ ಬಂದರು. ಮಾವ ಅಂದರೆ ಮನೆಯಾಕೆಯ ತಂದೆ. ರೈಲ್ವೆ ಗಾರ್ಡಾಗಿದ್ದು ನಿವೃತ್ತರಾದವರು. ಕೆಲಸ ಬಿಟ್ಟರೂ ಸೀಟಿ ಬಿಟ್ಟಿರಲಿಲ್ಲ, ಅದು ಈಗಲೂ ಕೊರಳಲ್ಲೇ. ಗಾರ್ಡ್ ಮಾವ ಕುರ್ಚಿ ಎಳೆದುಕೊಂಡು ಕೂತು, "ಹೂಂ, ಶುರುವಾಗಲಿ ಅಳಿಯಂದಿರೇ" ಅಂದರು.

ಮೇಷ್ಟ್ರು ಸೈಕಲ್ಲನ್ನು ನಡುಮನೆಯಲ್ಲಿ ಸೀಟು, ಹ್ಯಾಂಡಲ್ಲು ನೆಲಕ್ಕೆ ತಾಗುವಂತೆ ತಲೆಕೆಳಗಾಗಿ ನಿಲ್ಲಿಸಿದರು. ಅವರ ಬುದ್ಧಿ ತಲೆಕೆಳಗಾದದ್ದೂ ಅದೇ ಗಳಿಗೆಯಲ್ಲಿ.

ಹಳೇ ಚಕ್ರ ಸಲೀಸಾಗಿ ಬಂತು. ಹೊಸ ಚಕ್ರ ಒಳಗೆ ಹೋಗಲೊಲ್ಲದು! ಮೋಟಾರಿನ ಅಗಲ ಹೆಚ್ಚು, ಚಕ್ರ ಕೂರುವ ಹಿಂದಿನ ಕವಲಿನ ಅಗಲ ಕಡಿಮೆ. ಮೇಷ್ಟ್ರು ಕವಲಿನ ಒಂದು ಕಾಲು ಹಿಡಿದರು, ಮಾವ ಇನ್ನೊಂದು ಕಾಲು. ಇಬ್ಬರೂ ಆಚೆಗೊಬ್ಬರು ಈಚೆಗೊಬ್ಬರು ಎಳೆಯುತ್ತಿರುವುದನ್ನು ನೋಡಿ ಮನೆಯಾಕೆ ಅಡುಗೆಮನೆ ಬಾಗಿಲಲ್ಲೇ ನಿಂತುಬಿಟ್ಟರು.

"ಆಸ್ತಿ ಪಾಲು ಮಾಡ್ಕೊಳ್ತಿದ್ದೀರಾ?"

"ಮಾತಾಡಬೇಡ, ಚಕ್ರ ಒಳಗೆ ತಳ್ಳು!" ಎಂದು ಗಂಡ, ಅಪ್ಪ ಇಬ್ಬರೂ ಒಟ್ಟಿಗೇ ಕಿರುಚಿದರು. ಮನೆಯಾಕೆ ತಳ್ಳಿದರು. ಚಕ್ರ 'ಟಕ್' ಎಂದು ಕೂತಿತು. ಎರಡೂ ಕಡೆಯ ನಟ್ಟನ್ನು ಗಾರ್ಡ್ ಮಾವ ಉಸಿರು ಬಿಗಿಹಿಡಿದು ಬಿಗಿದರು. ಬ್ಯಾಟರಿ, ಪರದೆ, ಬ್ರೇಕ್ ಹಿಡಿ, ಹ್ಯಾಂಡಲ್ಲಿನ ಚಾಲನೆಯ ಗುಂಡಿ ಎಲ್ಲವನ್ನೂ ಅವರೇ ಕೂರಿಸಿದರು. ಅಲ್ಲಿಗೆ ಸರಿಯಾದ ಕೆಲಸ ಮುಗಿಯಿತು, ಮೇಷ್ಟ್ರ ಕೆಲಸ ಮೊದಲಾಯಿತು.

ಮೊದಲಿಗೆ ಅಯಸ್ಕಾಂತದ ಬಳೆ. ಪೆಡಲಿನ ಅಚ್ಚಿಗೆ ತೊಡಿಸುವ ಈ ಬಳೆಯಲ್ಲಿ ಸಣ್ಣ ಸಣ್ಣ ಅಯಸ್ಕಾಂತಗಳಿರುತ್ತವೆ. ಸವಾರ ಪೆಡಲು ತುಳಿದರೆ ಬಳೆ ತಿರುಗುತ್ತದೆ, 'ಯಜಮಾನರು ತುಳೀತಿದ್ದಾರೆ, ನೀನೂ ಕೈಹಾಕು' ಎಂದು ಮೋಟಾರಿಗೆ ಸುದ್ದಿ ಹೋಗುತ್ತದೆ. ಬಳೆಯ ಮೇಲೂ ಒಂದು ಬಾಣ ಇತ್ತು. ಸೈಕಲ್ಲು ತಲೆಕೆಳಗಾಗಿದೆಯಲ್ಲ, ಹಾಗಾದರೆ ಬಾಣವನ್ನೂ ತಿರುಗಿಸಿಯೇ ಓದಬೇಕು ಎಂದು ಮೇಷ್ಟ್ರು ಲೆಕ್ಕ ಹಾಕಿ, ಬಳೆಯನ್ನು ಮಗುಚಿ ತೊಡಿಸಿದರು.

ಆಮೇಲೆ ಬ್ರೇಕು. ಹೊಸ ಚಕ್ರಕ್ಕೆ ಹಿಂದಿನ ಬ್ರೇಕು ಉಜ್ಜುತ್ತಿತ್ತು. ಅದರ ತಂತಿ ಬಿಚ್ಚಿ 'ಆಮೇಲೆ ನೋಡೋಣ' ಅಂದರು. ಹೊಸ ಬ್ರೇಕ್ ಹಿಡಿಗಳಿಂದ ಬಂದ ಎರಡು ಪ್ಲಗ್ಗು ಯಾವುದಕ್ಕೂ ಸೇರದೆ ಉಳಿದವು.

"ಇವೇನು, ಅನಾಥ ಆದವಲ್ಲ?" ಅಂದರು ಮಾವ.

"ಹೆಚ್ಚುವರಿ, ಮಾವ. ಶರಟಿನ ಜೊತೆ ಒಂದು ಗುಂಡಿ ಜಾಸ್ತಿ ಕೊಟ್ಟಿರೋದಿಲ್ಲವೇ, ಹಾಗೆ." ಮೇಷ್ಟ್ರು ಎರಡನ್ನೂ ಜೋಡಿಸಿ ಟೇಪು ಸುತ್ತಿ ಸೀಟಿನಡಿ ಅವಿಸಿಟ್ಟರು. ಬ್ರೇಕು ಹಿಡಿದ ತಕ್ಷಣ ಮೋಟಾರನ್ನು ಸುಮ್ಮನಾಗಿಸುವ ಪ್ಲಗ್ಗುಗಳು ಅವು!

ಉಳಿದದ್ದು ಎರಡು ಬಿಳಿ ತಂತಿ. ಅವನ್ನು ಸೇರಿಸಿದರೆ ಮೋಟಾರು ತಾನಾಗಿ ತಿರುಗಿ ತಾನು ಯಾವ ದಿಕ್ಕಿಗೆ ತಿರುಗಬೇಕೆಂಬ ಪಾಠ ಕಲಿಯುತ್ತದೆ. ತಿರುಗಿದ ದಿಕ್ಕು ತಪ್ಪಾಗಿದ್ದರೆ ಬಿಡಿಸಿ ಇನ್ನೊಮ್ಮೆ ಸೇರಿಸಿದರೆ ದಿಕ್ಕು ಬದಲಾಗುತ್ತದೆ. ಇಷ್ಟನ್ನು ಮೋಟಾರು ಮಾರಿದ ಅಂಗಡಿಯವರು ಬಾಯಿಮಾತಿನಲ್ಲಿ ಹೇಳಿ ಕಳಿಸಿದ್ದರು. ಮೇಷ್ಟ್ರು ತಂತಿ ಸೇರಿಸಿದರು. ಚಕ್ರ ಜುಂಯ್ ಎಂದು ತಿರುಗಿತು.

"ಭೇಷ್!" ಅಂದರು ಮಾವ.

"ಭೇಷ್ ಅಲ್ಲ ಮಾವ. ಚಕ್ರದ ಮೇಲ್ಭಾಗ ನೋಡಿ, ಹಿಂದಕ್ಕೆ ಓಡ್ತಿದೆ. ಅಂದರೆ ಗಾಡಿ ಹಿಂದಕ್ಕೆ ಹೋಗುತ್ತೆ."

"ಅಳಿಯಂದಿರೇ, ಸೈಕಲ್ಲು ತಲೆಕೆಳಗಾಗಿದೆ. ಮೇಲಿರೋದು ಕೆಳಗೆ, ಕೆಳಗಿರೋದು ಮೇಲೆ. ಇದೇ ಸರಿ."

"ತಲೆಕೆಳಗಾದರೂ ಮುಂದೆ ಮುಂದೇನೇ, ಹಿಂದೆ ಹಿಂದೇನೇ! ಸೈಕಲ್ಲಿನ ಮೂತಿ ಬಾಗಿಲ ಕಡೆಗೇ ಇದೆಯಲ್ಲ!"

"ನಾನು ಆಯುಷ್ಯವೆಲ್ಲ ರೈಲಿನ ಕೊನೇ ಡಬ್ಬಿಯಲ್ಲಿ ಕೂತು ಕಳೆದೋನು. ಹಿಂದೆ ಯಾವುದು ಅಂತ ನನಗೆ ಹೇಳಿಕೊಡ್ತೀರಾ?"

"ರೈಲನ್ನು ಯಾರೂ ತಲೆಕೆಳಗೆ ನಿಲ್ಲಿಸಿ ಓಡಿಸೋದಿಲ್ಲ ಮಾವ!"

"ಸೈಕಲ್ಲನ್ನೂ ಓಡಿಸೋದಿಲ್ಲ!"

ಮೇಷ್ಟ್ರಿಗೆ ಒಂದು ಗಳಿಗೆ ತಲೆ ಗಿರ್ರೆಂದಿತು. ನಿಂತ ಕಡೆಯಿಂದ ನೋಡಿದರೆ ಮಾವ ಹೇಳುವುದು ಸರಿ ಅನಿಸುತ್ತಿತ್ತು, ಆಚೆ ಬದಿಗೆ ಹೋಗಿ ನೋಡಿದರೆ ತಾವು ಹೇಳಿದ್ದೇ ಸರಿ. ಬಗ್ಗಿ ಕಾಲಸಂದಿಯಿಂದ ತಲೆ ತೂರಿಸಿ ನೋಡಿದರು. ಆಗ ಮಾವನೂ ತಲೆಕೆಳಗಾಗಿ ಕಂಡರು, ಸೈಕಲ್ಲು ಮಾತ್ರ ಸರಿಯಾಗಿ ನಿಂತಂತೆ ಕಂಡಿತು. ಅದೇ ಭಂಗಿಯಲ್ಲಿ ಇನ್ನೊಂದು ಗಳಿಗೆ ಇದ್ದಿದ್ದರೆ ಸತ್ಯ ಹೊಳೆಯುತ್ತಿತ್ತೋ ಏನೋ! ಸೊಂಟ ಹಿಡಿದುಕೊಂಡಿತು. ಎದ್ದು ನಿಂತು, ಶಾಲೆಯಲ್ಲಿ ದಿಕ್ಕು ಕಲಿಸುವವರು ಯಾರು ಎಂದು ತಮ್ಮನ್ನೇ ಕೇಳಿಕೊಂಡು, ತಂತಿ ಬಿಡಿಸಿ ಮತ್ತೊಮ್ಮೆ ಸೇರಿಸಿದರು.

ಈಗ ಚಕ್ರ ಇನ್ನೊಂದು ದಿಕ್ಕಿಗೆ ತಿರುಗಿತು. ಅಷ್ಟೇ ಅಲ್ಲ, ಚೈನೂ ಪೆಡಲೂ ತಾವಾಗಿಯೇ ತಿರುಗತೊಡಗಿದವು!

"ನೋಡಿದಿರಾ ಮಾವ? ತುಳಿಯೋ ಕೆಲಸವೇ ಇಲ್ಲ!"

"ತುಳಿಯೋ ಕೆಲಸವೇ ಇಲ್ಲದಿದ್ದರೆ ಪೆಡಲು ಯಾಕೆ?"

"ಕಾಲಿಡೋಕೆ!"

ಗಾರ್ಡ್ ಮಾವ ಕುರ್ಚಿಗೆ ಒರಗಿದರು. ಒಪ್ಪಿದ್ದರಿಂದಲ್ಲ, ಅಪಘಾತದ ವರದಿ ಬರೆದು ಬರೆದು ಅವರಿಗೆ ಕಾಯುವುದು ಅಭ್ಯಾಸವಾಗಿತ್ತು.

ಸಂಜೆ ಕಾಫಿ ಹೊತ್ತಿಗೆ ಸೈಕಲ್ಲು ಬೀದಿಗಿಳಿಯಿತು. ಮೇಷ್ಟ್ರ ಮನೆ ಇರುವುದು ಅದೇ ದಿಬ್ಬದ ರಸ್ತೆಯಲ್ಲಿ. ಎಡಕ್ಕೆ ಹೋದರೆ ಇಳಿಜಾರು, ಬಲಕ್ಕೆ ಹೋದರೆ ಏರು, ಅದರ ತುದಿಗೆ ಆಸ್ಪತ್ರೆ. ಎದುರುಮನೆ ವಕೀಲರು, ಪಕ್ಕದ ಮನೆ ಸಂಗೀತದ ಟೀಚರು ಆಗಲೇ ಗೇಟಿಗೆ ಒರಗಿದ್ದರು. ಮೇಷ್ಟ್ರು ತಾವೇ ಹೋಗಿ ಬೆಳಿಗ್ಗೆಯಿಂದ ಎಲ್ಲರಿಗೂ ಹೇಳಿ ಬಂದಿದ್ದರಲ್ಲ!

"ರೀ, ನಾನೇ ಮೊದಲು ಕೂರ್ತೀನಿ. ನನ್ನ ಸೈಕಲ್ಲು ತಾನೇ?" ಅಂದರು ಮನೆಯಾಕೆ.

"ಬೇಡ. ಮೊದಲ ಪ್ರಯೋಗದ ಅಪಾಯ ಗಂಡಸಿಗಿರಲಿ!" ಎಂದರು ಮೇಷ್ಟ್ರು. ಅಪಾಯ ಕಡಿಮೆಯಿರಲಿ ಎಂದು ಸೈಕಲ್ಲಿನ ಮೂತಿಯನ್ನು ಇಳಿಜಾರಿನ ಕಡೆಗೆ ತಿರುಗಿಸಿ ಕೂತರು. ಮಾವ ಸೀಟಿ ಊದಿದರು. ಮೇಷ್ಟ್ರು ಹಿಂದುಮುಂದು ನೋಡದೆ ಹೆಬ್ಬೆರಳಿನಿಂದ ಚಾಲನೆಯ ಗುಂಡಿ ಒತ್ತಿದರು.

ಸೈಕಲ್ಲು ಹಿಂದಕ್ಕೆ ಹೊರಟಿತು!

ಮೇಷ್ಟ್ರು ಮೊದಲು ನಂಬಲಿಲ್ಲ. ಬೀದಿಯೇ ಮುಂದಕ್ಕೆ ಜರುಗಿತು ಅಂದುಕೊಂಡರು. ಮುಂದಿದ್ದ ವಕೀಲರು ದೂರವಾದರು, ಸಂಗೀತದ ಟೀಚರು ದೂರವಾದರು. ಪೆಡಲು ಹಿಂದುಹಿಂದಕ್ಕೆ ಸುತ್ತುತ್ತ ಮೊಣಕಾಲ ಕೆಳಗೆ ಪಟಪಟನೆ ಬಾರಿಸಿತು. ಕಾಲು ನೆಲಕ್ಕೂರಿ ಸೀಟಿನಿಂದ ಕೆಳಗೆ ಜಾರಿದರು. ಹ್ಯಾಂಡಲ್ಲು ಮಾತ್ರ ಬಿಡಲಿಲ್ಲ. ಬಿಟ್ಟರೆ ಸೈಕಲ್ಲು ಬೀಳುತ್ತದೆ, ಬಿದ್ದರೆ ಮುರಿಯುತ್ತದೆ, ಮುರಿದರೆ ಸೋಮವಾರ ಬೆಳಿಗ್ಗೆ... ಅದಕ್ಕಿಂತ ಹಿಂದಕ್ಕೆ ಹೋಗುವುದೇ ವಾಸಿ! ಗುಂಡಿಯಿಂದ ಹೆಬ್ಬೆರಳು ತೆಗೆದರು. ಆದರೂ ಸೈಕಲ್ಲು ನಿಲ್ಲಲಿಲ್ಲ.

"ಯಾಕೆ? ಯಾಕೆ ನಿಲ್ತಿಲ್ಲ?" ಎಂದು ಮೇಷ್ಟ್ರು ಸೈಕಲ್ಲನ್ನೇ ಕೇಳಿದರು.

ಸೈಕಲ್ಲಿಗೆ ಬಾಯಿದ್ದಿದ್ದರೆ ಹೇಳುತ್ತಿತ್ತು: ಚಕ್ರ ಹಿಂದಕ್ಕೆ ತಿರುಗಿ ಪೆಡಲನ್ನು ಹಿಂದಕ್ಕೆ ಎಳೆಯುತ್ತದೆ; ಪೆಡಲು ಹಿಂದಕ್ಕೆ ಸುತ್ತಿದಾಗ ಮಗುಚಿ ತೊಟ್ಟ ಬಳೆ 'ಯಜಮಾನರು ಜೋರಾಗಿ ತುಳೀತಿದ್ದಾರೆ' ಎಂದು ಮೋಟಾರಿಗೆ ಚಾಡಿ ಹೇಳುತ್ತದೆ; ಮೋಟಾರು ನಿಷ್ಠೆಯಿಂದ ಇನ್ನಷ್ಟು ಹಿಂದಕ್ಕೆ ತಿರುಗುತ್ತದೆ. ಮೇಷ್ಟ್ರ ಒಂದು ತಪ್ಪು ಇನ್ನೊಂದು ತಪ್ಪಿಗೆ ಹೆಗಲು ಕೊಟ್ಟಿತ್ತು. ಅಂಥ ಒಗ್ಗಟ್ಟು ಯಾವ ಕುಟುಂಬದಲ್ಲೂ ಇಲ್ಲ!

ಇಳಿಜಾರಿಗೆ ಮೂತಿ ಮಾಡಿದ್ದ ಗಾಡಿ ಹಿಂದಕ್ಕೆ ಹೋಗುತ್ತಿದೆ ಅಂದರೆ ಏರು ಹತ್ತುತ್ತಿದೆ ಅಂತಲೇ ಅರ್ಥ. ಅದೂ ಏದುಸಿರಿಲ್ಲದೆ. ಏದುಸಿರೇನಿದ್ದರೂ ಮೇಷ್ಟ್ರದು. ಹ್ಯಾಂಡಲ್ಲು ಹಿಡಿದು, ಕಾಲಗಲಿಸಿ, ಕಪ್ಪೆಯಂತೆ ಹಿಂದುಹಿಂದಕ್ಕೆ ಕುಪ್ಪಳಿಸುತ್ತ ಅವರೂ ಹತ್ತಿದರು. ಎಡಗೈಯ ಬ್ರೇಕು ಹಿಡಿದರೆ ಏನೂ ಆಗಲಿಲ್ಲ, ಅದರ ತಂತಿ ತಾವೇ ಬಿಚ್ಚಿದ್ದು. ಬಲಗೈಯದು ಹಿಡಿದರೆ ಮುಂದಿನ ಚಕ್ರ ಮಾತ್ರ ಬಿಗಿದು ಸೈಕಲ್ಲು ಮೊಂಡು ಕರುವಿನಂತೆ ಕತ್ತು ತಿರುಗಿಸಿತು. ಗಾಬರಿಯಿಂದ ಬಿಟ್ಟು ಪರದೆಯ ಪಕ್ಕ ಕೈಗೆ ಸಿಕ್ಕ ಗುಂಡಿ ಒತ್ತಿದರು. ಪರದೆಯ ಮೇಲೆ ಒಂದು ಇದ್ದದ್ದು ಎರಡಾಯಿತು. ವೇಗ ಹೆಚ್ಚಿತು!

"ಮೇಷ್ಟ್ರೇ, ಎಲ್ಲಿಗೆ ಹೊರಟಿರಿ?" ವಕೀಲರು ಕೂಗಿದರು.

"ಗೊತ್ತಿಲ್ಲ! ನನಗೆ ಬೆನ್ನ ಹಿಂದೆ ಕಣ್ಣಿಲ್ಲ!"

"ರೀ, ಬ್ಯಾಟರಿ ಕೀಲಿ! ಕೀಲಿ ತಿರುಗಿಸಿ!" ಮನೆಯಾಕೆ ಓಡಿಬರುತ್ತ ಕೂಗಿದರು.

"ಯಾವ ಕಡೆಗೆ?"

"ಯಾವ ಕಡೆಗಾದರೂ!"

ಆದರೆ ಕೀಲಿ ಇದ್ದದ್ದು ಸುತ್ತುವ ಪೆಡಲಿನ ಪಕ್ಕದಲ್ಲೇ. ಮೇಷ್ಟ್ರು ಎರಡು ಸಲ ಕೈಹಾಕಿ ಎರಡು ಸಲವೂ ಪೆಟ್ಟು ತಿಂದು ಕೈಬಿಟ್ಟರು. ದಾರಿಯಲ್ಲಿ ಒಬ್ಬರು ಅಜ್ಜಿ ಚೀಲ ಹಿಡಿದು ಇಳಿದು ಬರುತ್ತಿದ್ದರು. ಮೇಷ್ಟ್ರು ಪಕ್ಕದಲ್ಲಿ ಹಾದುಹೋಗುವಾಗ, "ಪಾಪ, ಸೈಕಲ್ಲಿಗೆ ಮನೆ ಬಿಟ್ಟು ಹೋಗೋಕೆ ಮನಸ್ಸಿಲ್ಲವೇನೋ" ಅಂದರು. ತಿದ್ದಿ ಹೇಳುವಷ್ಟು ಉಸಿರು ಮೇಷ್ಟ್ರಲ್ಲಿ ಇರಲಿಲ್ಲ.

ದಿಬ್ಬದ ನೆತ್ತಿ ಬಂತು. ಆಸ್ಪತ್ರೆಯ ಗೇಟು ತೆರೆದೇ ಇತ್ತು. ಗಾಲಿಕುರ್ಚಿಗಳಿಗೆಂದು ಬಾಗಿಲವರೆಗೆ ಜಾರುಹಾದಿ ಕಟ್ಟಿದ್ದರು. ಸೈಕಲ್ಲು ಆ ಹಾದಿಯನ್ನು ಹುಟ್ಟಿದಾಗಿನಿಂದ ಬಲ್ಲಂತೆ ಹಿಂದಕ್ಕೆ ಹತ್ತಿ, ಮೇಷ್ಟ್ರ ಸಮೇತ ಕಾಯುವ ಕೋಣೆಯ ಒಳಗೇ ನುಗ್ಗಿತು. ಅಲ್ಲಿನ ಒಂದು ಬೆಂಚಿನ ಕೆಳಗೆ ಪೆಡಲು ಸಿಕ್ಕಿಕೊಂಡಿತು. ಪೆಡಲು ನಿಂತಿತು. ಪೆಡಲು ನಿಂತದ್ದರಿಂದ ಬಳೆಯೂ ನಿಂತಿತು, ಬಳೆ ನಿಂತದ್ದರಿಂದ ಮೋಟಾರೂ ಸುಮ್ಮನಾಯಿತು.

"ಈಗ ಯಾಕೆ ನಿಂತಿತು?" ಎಂದು ಮೇಷ್ಟ್ರು ಮೊದಲಿಗಿಂತ ಹೆಚ್ಚು ದಿಗ್ಭ್ರಮೆಯಿಂದ ಕೇಳಿದರು.

ಸಂಜೆಯ ರೋಗಿಗಳನ್ನು ನೋಡಿ ಮುಗಿಸಿದ ಡಾಕ್ಟರಮ್ಮ ಕೋಣೆಯಿಂದ ಹೊರಬಂದರು. ಬೆನ್ನು ತಿರುಗಿಸಿ ಒಳಬಂದ ರೋಗಿಯನ್ನು ಅವರು ತಮ್ಮ ವೃತ್ತಿಯಲ್ಲೇ ನೋಡಿರಲಿಲ್ಲ.

"ಏನು ತೊಂದರೆ? ಮುಂದಿನದು ಕಾಣಿಸ್ತಿಲ್ಲವೇ?"

"ಮುಂದಿನದೆಲ್ಲ ಕಾಣಿಸ್ತಿದೆ ಡಾಕ್ಟರೇ," ಅಂದರು ಮೇಷ್ಟ್ರು. "ಆದರೆ ಅಲ್ಲಿಗೆ ಹೋಗೋಕೆ ಆಗ್ತಿಲ್ಲ."

ಅಷ್ಟರಲ್ಲಿ ಮನೆಯಾಕೆ ಬಂದರು. ಅವರ ಹಿಂದೆ ಎದೆ ಹಿಡಿದುಕೊಂಡು ಗಾರ್ಡ್ ಮಾವ. ಮನೆಯಾಕೆ ಮೊದಲು ಗಂಡನ ಕಾಲು ನೋಡಿದರು, ತರಚಿತ್ತು, ಮುರಿದಿರಲಿಲ್ಲ. ಆಮೇಲೆ ಸೈಕಲ್ಲು ನೋಡಿದರು. ಅದಕ್ಕೆ ತರಚಿರಲೂ ಇಲ್ಲ. ಆಮೇಲೆ ಕಣ್ಣು ಪರೀಕ್ಷೆಗೆ ಬಂದವರನ್ನು ಕೇಳುವ ದನಿಯಲ್ಲಿ ಗಂಡನನ್ನು ಕೇಳತೊಡಗಿದರು.

"ಹೇಳಿ. ಬಿಳಿ ತಂತಿ ಎಷ್ಟು ಸಲ ಸೇರಿಸಿದಿರಿ?"

"ಎರಡು ಸಲ. ಮೊದಲನೇದು ತಪ್ಪಿತ್ತು, ಅದಕ್ಕೆ..."

"ಸರಿ. ಈ ಬಳೆ ಹೇಗೆ ಹಾಕಿದಿರಿ?"

"ಬಾಣ ಒಳಮುಖ. ಯಾಕಂದರೆ ಸೈಕಲ್ಲು ತಲೆ..."

"ಸರಿ. ಈ ಟೇಪಿನೊಳಗೆ ಏನಿದೆ?"

"ಹೆಚ್ಚುವರಿ ಪ್ಲಗ್ಗು."

"ಹಿಂದಿನ ಬ್ರೇಕು?"

"ಆಮೇಲೆ ನೋಡೋಣ ಅಂತ ಬಿಚ್ಚಿದ್ದೆ."

ಮನೆಯಾಕೆ ಡಾಕ್ಟರಮ್ಮನ ಕನ್ನಡಕ ರಿಪೇರಿಯ ಡಬ್ಬಿಯಿಂದ ಸಣ್ಣ ಸ್ಕ್ರೂಡ್ರೈವರು ತಂದರು. ಆಸ್ಪತ್ರೆಯ ಶೆಡ್ಡಿನಿಂದ ಸ್ಪ್ಯಾನರು ತಂದರು. ಸೈಕಲ್ಲನ್ನು ತಲೆಕೆಳಗು ಮಾಡಲೇ ಇಲ್ಲ. ಅಪ್ಪನ ಕೈಲಿ ಹಿಂಬದಿ ಎತ್ತಿ ಹಿಡಿಸಿ, ನೆಟ್ಟಗೆ ನಿಂತಿದ್ದಾಗಲೇ ಬಿಳಿ ತಂತಿಯನ್ನು ಮತ್ತೊಮ್ಮೆ ಸೇರಿಸಿದರು. ಚಕ್ರ ತಿರುಗಿತು. ಪೆಡಲು ಅಲುಗಲಿಲ್ಲ, ಅಂದರೆ ದಿಕ್ಕು ಸರಿ. ಬಳೆ ಬಿಚ್ಚಿ ಮಗುಚಿ ಹಾಕಿದರು. ಟೇಪು ಕಿತ್ತು ಅನಾಥ ಪ್ಲಗ್ಗುಗಳಿಗೆ ಕಂಟ್ರೋಲರಿನ ಬಳಿ ಅದೇ ಬಣ್ಣದ ಜೊತೆ ಹುಡುಕಿ ಸೇರಿಸಿದರು. ಹಿಂದಿನ ಬ್ರೇಕಿನ ತಂತಿ ಕಟ್ಟಿ, ಉಜ್ಜದಷ್ಟು ಸಡಿಲಿಸಿದರು. ಆಮೇಲೆ ಆಸ್ಪತ್ರೆಯ ಅಂಗಳದಲ್ಲಿ ಒಂದು ಸುತ್ತು ಬಂದರು. ಮುಂದಕ್ಕೇ! ಬ್ರೇಕು ಹಿಡಿದರು, ಸೈಕಲ್ಲು ಪಾಠ ಕಲಿತ ಮಗುವಿನಂತೆ ನಿಂತಿತು. ಗಾರ್ಡ್ ಮಾವ ಅಳಿಯನ ಮುಖ ನೋಡಿದರು. ಸಣ್ಣದಾಗಿ ಒಮ್ಮೆ ಸೀಟಿ ಊದಿದರು. ಬೈದಿದ್ದರೇ ಮೇಷ್ಟ್ರಿಗೆ ವಾಸಿಯಿತ್ತು.

ಸೋಮವಾರ ಬೆಳಿಗ್ಗೆ ಕಾಲಿಗೆ ಪಟ್ಟಿ ಸುತ್ತಿಕೊಂಡು ಮೇಷ್ಟ್ರು ಗೇಟಿನಲ್ಲಿ ನಿಂತರು. ಮನೆಯಾಕೆ ಸೈಕಲ್ಲು ಹತ್ತಿ ದಿಬ್ಬದ ಕಡೆ ತಿರುಗಿದರು. ದಿನಾ ಇಳಿದು ತಳ್ಳುತ್ತಿದ್ದ ಜಾಗ ಬಂತು. ಇಳಿಯಲಿಲ್ಲ. ನೇರ ಬೆನ್ನಿನಲ್ಲಿ, ಹಗುರಾಗಿ ತುಳಿಯುತ್ತ, ತಿರುವಿನಲ್ಲಿ ಒಮ್ಮೆ ಬೆಲ್ಲು ಬಾರಿಸಿ ಮರೆಯಾದರು. ಮೇಷ್ಟ್ರಿಗೆ ಕಾಲುನೋವು ಮರೆತುಹೋಯಿತು. ಎದುರುಮನೆ ವಕೀಲರಿಗೆ ಕೇಳುವಂತೆ, "ನಾನೇ ಕೂರಿಸಿದ್ದು!" ಎಂದು ಗಟ್ಟಿಯಾಗಿ ಹೇಳಿಯೂಬಿಟ್ಟರು.

ಸಂಜೆ ಮನೆಯಾಕೆ ಬಂದು ಮಂಡಿ ನೀವಿಕೊಳ್ಳದೆ ನೇರ ಒಳಗೆ ಹೋದರು. ಮೇಷ್ಟ್ರು ಹಿಂದೆಯೇ ಹೋದರು. ಹಿಂದಿನ ದಿನದಿಂದ ತಲೆ ತಿನ್ನುತ್ತಿದ್ದ ಪ್ರಶ್ನೆಯನ್ನು ಕೊನೆಗೂ ಕೇಳಿದರು.

"ನಿಜ ಹೇಳು. ಈ ಮೋಟಾರಿನ ವಿದ್ಯೆ ನಿನಗೆ ಎಲ್ಲಿಂದ ಬಂತು?"

"ಮೋಟಾರಿನ ವಿಷಯ ನನಗೆ ಏನೂ ಗೊತ್ತಿಲ್ಲಾರೀ. ನಿಮ್ಮ ವಿಷಯ ಗೊತ್ತು. ನೀವು ಏನೇನು ಮಾಡಿದ್ದಿರೋ ಅದನ್ನೆಲ್ಲ ಕೇಳಿಕೊಂಡು ಉಲ್ಟಾ ಮಾಡಿದೆ, ಅಷ್ಟೆ."

"ನಟ್ಟು ಬಿಚ್ಚಲಿಲ್ಲವಲ್ಲ?"

"ಅದು ಅಪ್ಪ ಬಿಗಿದದ್ದು."

ಮೇಷ್ಟ್ರು ಕಾಲಿನ ಪಟ್ಟಿ ಸರಿಮಾಡಿಕೊಂಡರು. ಆಮೇಲೆ ಬಹಳ ಸಣ್ಣ ದನಿಯಲ್ಲಿ ಕೇಳಿದರು: "ಹಾಗಾದರೆ ನಾನು ಒಂದನ್ನೂ ಸರಿಯಾಗಿ ಮಾಡಲಿಲ್ಲ ಅಂತಲಾ?"

ಮನೆಯಾಕೆ ಕಾಫಿ ಲೋಟ ಅವರ ಕೈಗಿತ್ತು, ಪ್ರೀತಿಯಿಂದಲೇ ಹೇಳಿದರು:

"ಅದೇ ಅಲ್ಲವೇ ನನ್ನ ಪುಣ್ಯ! ಅಲ್ಲೊಂದು ಇಲ್ಲೊಂದು ಸರಿ ಮಾಡಿಟ್ಟಿದ್ದರೆ ನಾನು ಎಲ್ಲಿ ಅಂತ ಹುಡುಕಲಿ?"